ಮೂರು ಮೊಲೆಯ ಹಾಲು

ಗೋವಿಂದಮ್ಮ ದಯೆಯಿಲ್ಲದ ಹೆಂಗಸು. ಮೂಗೂರಿನ ಆಚೆಯ ಆ ಹಳ್ಳಿಯಲ್ಲಿ ಇದನ್ನು ಒಪ್ಪದವರಿಲ್ಲ. ಕೇಳಿದರೆ ಅವಳೂ ಅಲ್ಲ ಎನ್ನುವುದಿಲ್ಲ.

ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ಮೊದಲು ನೀರು ಬೆರೆಸಿದ್ದನ್ನು ಮಾತ್ರ ಹಿಡಿಯುತ್ತಿದ್ದಳು. ಈಚೆಗೆ ಅಂಗೈಯಗಲದ ಒಂದು ಯಂತ್ರ ಬಂದಿದೆ. ಬಯೋಸೆನ್ಸರ್ ಎಂದು ಅದರ ಹೆಸರು, ಊರವರ ಬಾಯಲ್ಲಿ ಮಿಸೀನು. ಸಣ್ಣ ಕಾಗದದ ಪಟ್ಟಿಯ ಮೇಲೆ ತೊಟ್ಟು ಹಾಲು ಬಿಟ್ಟು ಅದರೊಳಗಿಟ್ಟರೆ, ಹಸುವಿಗೆ ಕೊಟ್ಟ ಆ್ಯಂಟಿಬಯೋಟಿಕ್ ಹಾಲಿನಲ್ಲಿ ಉಳಿದಿದ್ದರೆ ಕೆಂಪು ದೀಪ ಹತ್ತುತ್ತದೆ. ಅಂಥ ಹಾಲು ದಿನವೂ ಹೊಟ್ಟೆಗೆ ಹೋದರೆ ರೋಗಾಣುಗಳು ಮದ್ದಿಗೆ ಒಗ್ಗಿಕೊಳ್ಳುತ್ತವೆ. ಬೇಕಾದಾಗ ಮದ್ದು ನಾಟುವುದಿಲ್ಲ. ಹಿಂದೊಮ್ಮೆ ಒಂದು ಮನೆಯ ಹಾಲಿನಿಂದ ಇಡೀ ಊರಿನ ಹಾಲು ವಾಪಸಾಗಿತ್ತು. ಅಂದಿನಿಂದ ಗೋವಿಂದಮ್ಮ ಯಾರಿಗೂ ಬಗ್ಗುವುದಿಲ್ಲ. ಬೆಳಗಾಗೆದ್ದು ಬೈಸಿಕೊಳ್ಳುತ್ತಾಳೆ. ಬೈಗುಳ ನೋಯಿಸುವುದಿಲ್ಲ, ದಿನವೂ ಅದದೇ ಬೈಗುಳ ಎಂಬುದು ಸುಸ್ತು ತರಿಸುತ್ತದೆ.

ಆ ದಿನ ಚಿನ್ನಮ್ಮನ ಸರದಿ. ಮೇಲಿನ ಬೀದಿಯವಳು, ಗಂಡ ತಾಂಡ್ಯದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ, ಮನೆಗೆ ಒಂದೇ ಹಸು. ಅದಕ್ಕೆ ಕೆಚ್ಚಲು ಬಾವು ಬಂದು, ನರಸೀಪುರದಿಂದ ಬಂದ ಡಾಕ್ಟರು ಒಂದು ಮೊಲೆಗೆ ಮದ್ದು ಏರಿಸಿ ಹೋಗಿದ್ದರು. ದೀಪ ಕೆಂಪಗಾಯಿತು.

"ಬಾವು ಬಂದ ಮೊಲೆ ಮುಟ್ಟೇ ಇಲ್ಲ ಕಣಮ್ಮಿ. ಮಿಕ್ಕ ಮೂರರ ಆಲು ಇದು. ನಿನ್ ಮಿಸೀನ್‌ಗೇನು ಕಣ್ಣು ಕುಲ್ಡಾ?"

"ಮದ್ದು ರಕ್ತಕ್ಕಿಳಿದ್ರೆ ನಾಕು ಮೊಲೇಗೂ ಬತ್ತದೆ. ತಕ್ಕೊಂಡ್ ಓಗು. ಡಾಕ್ಟ್ರು ಸಾಕು ಅನ್ನೋಗಂಟ ಕರ್ದು ಚೆಲ್ಲು."

"ಚೆಲ್ಲಾದಾ! ಆಲ ನೆಲಕ್ಕುಯ್ದು ಮನೆ ಕೆಡಿಸ್ಕೊಳ್ಳನಾ? ನಮ್ಮತ್ತೆ ಕಾಲ್ದಿಂದ್ಲೂ ಯಾರೂ ಅಂಗ್ ಮಾಡಿಲ್ಲ."

"ಅಂಗಾದ್ರೆ ಮಡಗಿ ಪೂಜೆ ಮಾಡು."

ಸಾಲಿನಲ್ಲಿದ್ದ ರಾಚಯ್ಯ ನಕ್ಕ. "ಪ್ರಸಾದ ಈಸ್ಕೊಂಡೇ ಓಗ್ಲಾ, ಚಿನ್ನಮ್ಮ?"

ಚಿನ್ನಮ್ಮನ ಕಣ್ಣು ತುಂಬಿತು. ಗೋವಿಂದಮ್ಮ ಮುಂದಿನವರ ಕ್ಯಾನು ಎಳೆದುಕೊಂಡಳು.

ಮಾರನೆಯ ದಿನ ಚಿನ್ನಮ್ಮ ಡೇರಿಗೆ ಬರಲಿಲ್ಲ. ಸಂಜೆ ಬೀಗ ಹಾಕಿಕೊಂಡು ಮೇಲಿನ ಬೀದಿಯಲ್ಲಿ ಹೋಗುವಾಗ ಹಸು ಅರಚುವುದು ಗೋವಿಂದಮ್ಮನಿಗೆ ಕೇಳಿತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಮಾರುವಂತಿಲ್ಲ, ಚೆಲ್ಲಲು ಮನಸ್ಸು ಬಾರದು. ಚಿನ್ನಮ್ಮ ಕರೆಯುವುದನ್ನೇ ಬಿಟ್ಟಿದ್ದಳು. ಕೆಚ್ಚಲು ಕಲ್ಲಾಗಿತ್ತು. ಇನ್ನೂ ಹೀಗೇ ಬಿಟ್ಟರೆ ಆ ಹಸು ಮತ್ತೆ ಹಾಲಿಗೆ ಬರುವುದು ಸಂಶಯ.

"ನೋಡಾಕ್ ಬಂದ್ಯಾ? ನೋಡ್ಕೊಂಡ್ ಓಗು," ಎಂದಳು ಚಿನ್ನಮ್ಮ.

ಗೋವಿಂದಮ್ಮನ ಕೇರಿಯವರನ್ನು ಆ ಬೀದಿಯಲ್ಲಿ ಯಾರೂ ಕೊಟ್ಟಿಗೆಯೊಳಕ್ಕೆ ಕರೆದದ್ದಿಲ್ಲ. ಈಗಲೂ ಯಾರೂ ಕರೆಯಲಿಲ್ಲ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಬಕೆಟ್ಟು ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತಳು.

"ಚೆಲ್ಲಾದು ನಾನು, ನೀನಲ್ಲ. ಅತ್ಲಾಗ್ ತಿರುಕ್ಕೊ."

ಚಿನ್ನಮ್ಮ ಗೋಡೆಯ ಕಡೆ ತಿರುಗಿದಳು. ನಾಲ್ಕೂ ಮೊಲೆ ಮೆತ್ತಗಾಗುವಷ್ಟರಲ್ಲಿ ಗೋವಿಂದಮ್ಮನ ಬೆರಳುಗಳು ಮರಗಟ್ಟಿದ್ದವು. ಬಕೆಟ್ಟನ್ನು ಹಿತ್ತಿಲಿಗೆ ಒಯ್ದು, ಗುಂಡಿ ತೋಡಿ, ಹಾಲು ಸುರಿದು, ನಾಯಿ ನೆಕ್ಕದಂತೆ ಮೇಲೆ ಮಣ್ಣೆಳೆದಳು. ಆಮೇಲೆ ಸುತ್ತ ಒಮ್ಮೆ ನೋಡಿ, ಬಗ್ಗಿ, ಆ ಒದ್ದೆ ಮಣ್ಣನ್ನು ಬೆರಳ ತುದಿಯಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಳು.