ಖಾಲಿ ಕರಡಿಗೆ

1974ರ ಶ್ರಾವಣ. ಧಾರವಾಡದಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಮಾಡುತ್ತಿದ್ದ ನಾನು ರಜೆಗೆಂದು ಯರಗುಪ್ಪಿ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಅವ್ವ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ರೊಟ್ಟಿ ಬಡಿದು ಹಾಕಿ ಬೆಳೆಸಿದವನು ಅಪ್ಪ.

ನಮ್ಮದು ಕಟ್ಟುನಿಟ್ಟಿನ ಲಿಂಗಾಯತರ ಮನೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರೆಗೆ ಹನಿ ನೀರೂ ಬಾಯಿಗೆ ಹಾಕುವಂತಿಲ್ಲ. “ಪೂಜಿ ಆತೇನು?” ಎಂದು ಕೇಳದೆ ಅಪ್ಪ ಒಂದು ದಿನವೂ ಬಡಿಸಿದವನಲ್ಲ. ಏಳನೇ ವಯಸ್ಸಿನಲ್ಲಿ ಜ್ವರ ಬಂದಾಗ ತಡೆಯಲಾರದೆ ಕದ್ದು ನೀರು ಕುಡಿದಿದ್ದೆ. ಅಪ್ಪ ಹೊಡೆಯಲಿಲ್ಲ, ಅವತ್ತು ತಾನೇ ಉಪವಾಸ ಕೂತ. ಹೊಡೆದಿದ್ದರೆ ಎಂದೋ ಮರೆತಿರುತ್ತಿದ್ದೆ.

ಧಾರವಾಡದಲ್ಲಿ ಒಂದು ದಿನ ಪರೀಕ್ಷೆಯ ಗಡಿಬಿಡಿಯಲ್ಲಿ ಪೂಜೆ ಮಾಡದೆ ಚಹಾ ಕುಡಿದೆ. ಏನೂ ಆಗಲಿಲ್ಲ. ಮರುದಿನವೂ ಕುಡಿದೆ. ದೊಡ್ಡ ದೊಡ್ಡ ಪುಸ್ತಕ ಓದಿ ನಂಬಿಕೆ ಬಿಟ್ಟವನೇನಲ್ಲ ನಾನು. ಹೆದರಿಕೆ ಹೋಯಿತು, ಅದರ ಜೊತೆಗೇ ಪೂಜೆಯೂ ಹೋಯಿತು. ಲಿಂಗವನ್ನು ಖೋಲಿಯ ಟ್ರಂಕಿನಲ್ಲಿಟ್ಟೆ. ನಟನೆಗೆ ಲಿಂಗವನ್ನೇ ತರಲು ಮನಸ್ಸಾಗದೆ, ಊರಿಗೆ ಬರುವಾಗ ಮಾತ್ರ ಖಾಲಿ ಕರಡಿಗೆ ಕೊರಳಿಗೆ ಹಾಕಿಕೊಂಡು ಬಂದು, ಗೋಡೆಗೆ ಮುಖ ಮಾಡಿ ಬರೀ ಅಂಗೈ ನೋಡುತ್ತ ಕೂರುತ್ತಿದ್ದೆ.

ಆ ಸಲ ಅಪ್ಪ ಹೊಲದಿಂದ ಬರುವಾಗ ಚಕ್ಕಡಿ ಹಳ್ಳದ ಎರೆ ಕೆಸರಿನಲ್ಲಿ ಸಿಕ್ಕಿಬಿತ್ತು. ಗಾಲಿಗೆ ಹೆಗಲು ಕೊಟ್ಟು ಎತ್ತುವಾಗ ಕೊರಳಿನ ಶಿವದಾರ ಹರಿದು, ಕರಡಿಗೆ ಸಮೇತ ಅವನ ಲಿಂಗ ಕೆಸರಿನ ಪಾಲಾಯಿತು. ಊರವರು ಎರಡು ದಿನ ಬುಟ್ಟಿಯಲ್ಲಿ ಕೆಸರು ತೊಳೆದು ತೊಳೆದು ಹುಡುಕಿದರು. ಸಿಗಲಿಲ್ಲ.

ಅಪ್ಪ ನೀರು ಮುಟ್ಟುವುದನ್ನೇ ಬಿಟ್ಟ. ಹೊಸ ಲಿಂಗವನ್ನು ಗುರುಗಳೇ ಕಟ್ಟಬೇಕು, ಅವರೋ ಸೊಲ್ಲಾಪುರದ ಕಡೆ ಹೋಗಿದ್ದರು. ಕರೆತರಲು ಜನ ಹೋಗಿದ್ದರು. ಅಲ್ಲಿಯವರೆಗೆ ಬೇರೆಯವರ ಲಿಂಗ ಪೂಜಿಸಿ ನೀರು ಕುಡಿ ಎಂದರೆ ಅಪ್ಪ ಒಪ್ಪಲಿಲ್ಲ. ಮೂರನೇ ದಿನಕ್ಕೆ ಅಪ್ಪನ ತುಟಿ ಒಡೆದು ಮಾತು ತೊದಲತೊಡಗಿತು.

“ಒಂದ ಗುಟುಕು ಕುಡಿಯೋ ಯಪ್ಪಾ,” ಎಂದು ಕಾಲು ಹಿಡಿದೆ. ಮುಖ ತಿರುಗಿಸಿದ.

ಊರಿನ ಅಯ್ಯನವರು ಬಂದು ಅವನ ಬಾಜು ಕೂತರು. “ಮಂದಿ ಲಿಂಗ ಒಲ್ಲೆ ಅಂತಿ, ಖರೆ. ಮಗಂದು ಮಂದಿದು ಹೆಂಗ ಆದೀತು ಬಸಪ್ಪಾ? ಅದಕ್ಕ ಪೂಜಿ ಮಾಡಿ ತೀರ್ಥ ತಗೋ. ಗುರುಗಳು ಬಂದ ಮ್ಯಾಲ ಹೊಸಾದು ಕಟಗೊಳ್ಳುವಂತಿ.”

ಅಪ್ಪ ಹೂಂ ಎಂಬಂತೆ ತಲೆಯಾಡಿಸಿ ನನ್ನತ್ತ ಅಂಗೈ ಚಾಚಿದ.

“ತಗೀ ತಮ್ಮಾ,” ಎಂದರು ಅಯ್ಯನವರು.

ನನ್ನ ಕೈ ಏಳಲಿಲ್ಲ. ಕೊನೆಗೆ ಅವರೇ ನನ್ನ ಕೊರಳಿನ ಕರಡಿಗೆ ತೆರೆದರು. ಒಳಗೆ ಏನೂ ಇರಲಿಲ್ಲ.

“ಎಷ್ಟ ದಿನಾ ಆತು?” ಅಪ್ಪ ಕೇಳಿದ.

“ಎರಡ ವರ್ಷ ಆತು.”

“ಎರಡ ವರ್ಷ ನೀರು ಹೆಂಗ ಇಳೀತೋ ನಿನಗ?”

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ. ನಾನು ಹೆದರಿ ಮಾಡುತ್ತಿದ್ದುದನ್ನು ಅವನು ಹೆದರಿ ಮಾಡುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಅವ್ವ ಹೋದ ದಿನ ಅವನು ಯಾರ ಹತ್ತಿರವೂ ಅಳದೆ, ಆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಸಂಜೆಯ ತನಕ ಕೂತದ್ದನ್ನು ನಾನು ನೋಡಿದ್ದೆ. ನೋಡಿಯೂ ತಿಳಿದಿರಲಿಲ್ಲ.

ಧಾರವಾಡಕ್ಕೆ ಹೋಗಿ ತರುತ್ತೇನೆಂದೆ. “ಬ್ಯಾಡ,” ಎಂದು ಕಣ್ಣು ಮುಚ್ಚಿದ.

ಪುಣ್ಯಕ್ಕೆ ಸಂಜೆಯೊಳಗೆ ಗುರುಗಳು ಬಂದರು. ಅಪ್ಪ ಹೊಸ ಲಿಂಗ ಕಟ್ಟಿಸಿಕೊಂಡು, ಪೂಜೆ ಮಾಡಿ ನೀರು ಕುಡಿದ. ಬದುಕಿದ. ಗುರುಗಳು ನನಗೂ ಲಿಂಗ ಕಟ್ಟಿಕೋ ಎಂದರು. ಅಪ್ಪನೆದುರು ಇನ್ನೊಂದು ಸುಳ್ಳಾಡಲು ಮನಸ್ಸು ಬರಲಿಲ್ಲ, ಒಲ್ಲೆ ಎಂದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ.

ಅಂದಿನಿಂದ ಅಪ್ಪ “ಪೂಜಿ ಆತೇನು?” ಎಂದು ಕೇಳಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಬೆಳಿಗ್ಗೆ ನಾನು ಏಳುವ ಮೊದಲೇ ಒಂದು ತಂಬಿಗೆ ನೀರು ತಂದು ಹಾಸಿಗೆಯ ಹತ್ತಿರ ಇಟ್ಟು, ತಾನು ಪೂಜೆಗೆ ಒಳಗೆ ಹೋಗುತ್ತಿದ್ದ. ನನ್ನನ್ನು ದೂರ ಮಾಡಿದ್ದನೋ, ಮಗನಿಗೆ ಬಾಯಾರಬಾರದೆಂದು ಹಾಗೆ ಮಾಡುತ್ತಿದ್ದನೋ, ಕೇಳುವ ಧೈರ್ಯ ನನಗಾಗಲಿಲ್ಲ. ಸಾಯುವವರೆಗೂ ಅವನು ಅದನ್ನು ತಪ್ಪಿಸಲಿಲ್ಲ.

ನಾನು ಮತ್ತೆ ಲಿಂಗ ಕಟ್ಟಿಕೊಳ್ಳಲಿಲ್ಲ, ಎಲ್ಲಿಯ ನೀರೂ ನನಗೆ ಸಲೀಸಾಗಿಯೇ ಇಳಿಯಿತು. ಅಪ್ಪ ಇಡುತ್ತಿದ್ದ ಆ ತಂಬಿಗೆಯ ನೀರು ಮಾತ್ರ ಒಂದು ದಿನವೂ ಇಳಿಯಲಿಲ್ಲ.