ಕಸ್ತೂರಕ್ಕನ ಕಡೇ ಪಂಕ್ತಿ

ಕಂಪ್ಯೂಟರ್ ನಿಧಾನವಾದರೆ ಎಲ್ಲರೂ ಅದಕ್ಕೆ ಬೈಯುತ್ತಾರೆ. ಕಸ್ತೂರಕ್ಕ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮುಂದೆ ಕೂತು, "ಯಾರ ತಾಟಿನ ಮುಂದ ನಿಂತೀ ಬೇ?" ಎಂದು ಕೇಳುತ್ತಿದ್ದಳು. ಬೀಳಗಿ ಬಸ್‌ಸ್ಟ್ಯಾಂಡಿನ ಎದುರು ಅವಳದು ಮದುವೆ ವಿಡಿಯೊ ಜೋಡಿಸಿಕೊಡುವ ಅಂಗಡಿ. ಕ್ಯಾಮೆರಾ ಹಿಡಿದು ಹಳ್ಳಿ ತಿರುಗುವವನು ನಾನು, ಕೂತು ಜೋಡಿಸುವವಳು ಅವಳು.

ಅವಳ ಲೆಕ್ಕದಲ್ಲಿ ಕಂಪ್ಯೂಟರೆಂದರೆ ಊಟದ ಪಂಕ್ತಿಗೆ ಒಬ್ಬಳೇ ಬಡಿಸುವವಳು. ಒಳಗಿನ ಕೆಲಸಗಳೆಲ್ಲ ತಾಟು ಇಟ್ಟುಕೊಂಡು ಕೂತಿರುತ್ತವೆ. ಸರದಿಯಂತೆ ಒಂದೊಂದು ತುತ್ತು. ಬಡಿಸುವವಳು ಒಬ್ಬನ ಮುಂದೆಯೇ ನಿಂತರೆ ಮೌಸ್ ಕೂಡ ಉಪವಾಸ. ಅಕ್ಕ ಆ ಪಂಕ್ತಿಯನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಹೊಟ್ಟೆಬಾಕನನ್ನು ಹುಡುಕಿ, ಅವನ ಪ್ರಯಾರಿಟಿ ಇಳಿಸಿ ಸರದಿಯಲ್ಲಿ ಹಿಂದೆ ಕೂರಿಸುತ್ತಿದ್ದಳು. ಕಂಪ್ಯೂಟರ್ ಮತ್ತೆ ಚುರುಕಾಗುತ್ತಿತ್ತು.

ಒಮ್ಮೆ ಲೋಕಾಪುರದ ಮದುವೆಯ ಬೀಗರು ತಮ್ಮ ಸಿ.ಡಿ.ಗೆ ಅವಸರ ಮಾಡಿದರು. ಅಕ್ಕ ಚಹಾಕ್ಕೆ ಹೋದಾಗ ನಾನು ಜಾಣತನ ತೋರಿಸಲು ಹೋಗಿ ಅವರ ವಿಡಿಯೊಗೆ ಎಲ್ಲಕ್ಕಿಂತ ಮೇಲಿನ ಪ್ರಯಾರಿಟಿ ಕೊಟ್ಟೆ. ಮೌಸ್ ಅಲುಗಲಿಲ್ಲ, ಕೀಲಿಮಣೆ ಮಾತು ಕೇಳಲಿಲ್ಲ. ಅಕ್ಕ ಬಂದು ನೋಡಿ ನಕ್ಕಳು. "ಬೀಗರಿಗೇ ಬಡಸ್ಕೋತ ನಿಂತರ ಒಲಿ ಮ್ಯಾಲಿನ ಹಾಲ ಯಾರ ನೋಡತಾರೋ ತಮ್ಮಾ?"

ಅವಳ ಹತ್ತಿರ ತನ್ನದೇ ಒಂದು ಕ್ಯಾಸೆಟ್ ಇತ್ತು. ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಲಿದ್ದ ತವರೂರು ಖಾಲಿಯಾದ ದಿನ ಅವಳೇ ಹಿಡಿದದ್ದು. ಅವ್ವ ಪಡಸಾಲೆಯಲ್ಲಿ ಕೊನೆಯ ಊಟ ಬಡಿಸುತ್ತ ಕ್ಯಾಮೆರಾ ಕಡೆ ತಿರುಗಿ ಏನೋ ಹೇಳುತ್ತಾಳೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ದನಿಯೆಲ್ಲ ಗೊರಗೊರ.

"ಆವಾಗ ನನ್ನ ಲಕ್ಷ್ಯ ಎಲ್ಲಾ ಕ್ಯಾಮೆರಾದಾಗ ಇತ್ತು. ಅವ್ವ ಏನಂದ್ಲೋ ಕೇಳಲಿಲ್ಲ. ಈಗ ಕೇಳೂಣಂದ್ರ ಆಕಿ ಇಲ್ಲ."

ದನಿ ತಿಳಿ ಮಾಡುವ ಆ ಕೆಲಸವನ್ನು ಕಂಪ್ಯೂಟರಿಗೆ ಹಚ್ಚಿದ್ದಳು, ಆದರೆ ಎಲ್ಲಕ್ಕಿಂತ ಕೆಳಗಿನ ಪ್ರಯಾರಿಟಿಯಲ್ಲಿ. ಗಿರಾಕಿಗಳ ಮದುವೆಗಳು ಉಂಡು ಮಿಕ್ಕದ್ದು ಅದಕ್ಕೆ. ಅರ್ಧ ಆಗುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು, ಮತ್ತೆ ಮೊದಲಿಂದ ಶುರು. ನನಗೆ ಸಿಟ್ಟು ಬರುತ್ತಿತ್ತು.

"ಒಂದಿನಾರ ಅದನ್ನ ಮೊದಲ ಹಚ್ಚಕ್ಕಾ."

"ನಾವು ಬಡಸಾವ್ರೋ ತಮ್ಮಾ. ಕಡೀ ಪಂಗ್ತ್ಯಾಗ ಉಂಡ್ರ ಆತು."

ಬಿಡದ ಕೆಮ್ಮಿಗೂ ಅವಳದು ಇದೇ ಉತ್ತರ. ಮದುವೆ ಸೀಸನ್ ಮುಗಿಯಲಿ, ಡಾಕ್ಟರಿಗೆ ತೋರಿಸಿದರಾಯಿತು ಎಂದಳು. ಸೀಸನ್ ಮುಗಿದ ಮೇಲೆ ಬಾಗಲಕೋಟೆಯ ಆಸ್ಪತ್ರೆಗೆ ಹೋದವಳು ಹೆಣವಾಗಿ ಬಂದಳು.

ಮಣ್ಣು ಕೊಟ್ಟು ಬಂದ ಮರುವಾರ ನಾನೇ ಅಂಗಡಿ ತೆರೆದೆ. ಬೇರೆ ಕೆಲಸಗಳನ್ನೆಲ್ಲ ನಿಲ್ಲಿಸಿ ಅವಳ ಕ್ಯಾಸೆಟ್ಟಿನ ಕೆಲಸವೊಂದನ್ನೇ ಹಚ್ಚಿದೆ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ಮುಗಿದೇಹೋಯಿತು. ಇಷ್ಟೇ ಹೊತ್ತಿನ ಕೆಲಸಕ್ಕೆ ಅವಳು ವರ್ಷಗಟ್ಟಲೆ ಕಾದಿದ್ದಳು.

ಪರದೆಯ ಮೇಲೆ ಅವಳ ಅವ್ವ ರೊಟ್ಟಿ ಬುಟ್ಟಿ ಹಿಡಿದು ಈ ಕಡೆ ತಿರುಗಿದಳು. ದನಿ ತಿಳಿಯಾಗಿತ್ತು.

"ಕಸ್ತೂರಿ, ಆ ಕ್ಯಾಮೆರಾ ಕೆಳಗಿಡವಾ. ಅವರೆಲ್ಲಾ ಆಮ್ಯಾಲ ಉಣ್ತಾರ. ಮೊದಲ ನೀ ಕುಂದ್ರು."