ನಾಕೂ ಗಾಲಿ ಎಳಿಯೋ ಗಾಡಿ

ನನಗ ಆಗ ಹತ್ತೊಂಬತ್ತು. ಅದಕ್ಕ ಈಗ ಅರವತ್ತು ವರ್ಷದ ಮ್ಯಾಲಾತು.

ನಾ ನಾಗನೂರಿಗೆ ಸೊಸಿ ಆಗಿ ಬಂದಾಕಿ. ತವರು ದಡ್ಡಿ, ಹುಕ್ಕೇರಿ ದಾಟಿ ಇನ್ನೂ ಮುಂದ. ಬ್ಯಾಸಗಿಯೊಳಗ ಒಂದೆರಡು ಸಲ ಹೋಗಿ ಬಂದಿದ್ದೆ. ಖರೆ ಪಂಚಮಿಗೆ ಹೋಗೂದ ಬ್ಯಾರೆ. ಒಬ್ಬೊಬ್ಬಾಕಿ ಒಂದೊಂದು ಊರು ಸೇರಿದ ಗೆಳತ್ಯಾರು ಆವಾಗಷ್ಟ ಕೂಡತಾರ. ಮೂರು ಪಂಚಮಿ ನನಗ ತಪ್ಪಿದ್ವು. ತವರಿನವರು ಬಂದು ಕರಿಯಬೇಕು, ಆಮ್ಯಾಲ ಹೋಗಬೇಕು, ಅದು ರೂಢಿ. ಅಣ್ಣ ನಾಟಿ ಮುಗಿಸಿ, ಹಳ್ಳದ ನೀರು ಇಳಿಯೂತನಕ ಕಾದು, ನಮ್ಮೂರ ಎರಿ ಮಣ್ಣು ತುಳಕೊಂಡು ಬರೂದರಾಗ ಹಬ್ಬ ಮುಗಿದಿರತಿತ್ತು.

ನಮ್ಮನಿಯವರು ಲಡಾಯಿ ಕಾಲದಾಗ ಗಾಡಿ ರಿಪೇರಿ ಕಲ್ತವರು. ಬೆಳಗಾವ್ಯಾಗ ಮಿಲಿಟರಿ ಹಳೇ ಗಾಡಿ ಲಿಲಾವು ಮಾಡಿದಾಗ ಒಂದು ಟ್ರಕ್ಕು ತಂದರು. ನಾಕೂ ಗಾಲಿ ಎಳಿಯೋವಂಥಾದ್ದು. ಚಕ್ಕಡಿ ಹುಗಿಯೂ ಹೊಲದಾಗೂ ಇದು ಹೊಕ್ಕೈತಿ ಅಂದ್ರು. ಎಂಜಿನ್ ಕೆಟ್ಟಿತ್ತು, ಊರೊಳಗ ಎತ್ತು ಹೂಡಿ ಜಗ್ಗಿಸಿಕೊಂಡು ಬಂದು ಹಿತ್ತಲದಾಗ ನಿಲ್ಲಿಸಿದ್ರು. ಎಮ್ಮಿ ಕಟ್ಟೂ ಜಾಗಾದಾಗ ಗೊಡ್ಡು ತಂದು ಕಟ್ಟ್ಯಾನ ಅಂತ ಅತ್ತಿ ಓಣಿಗೆಲ್ಲಾ ಹೇಳಿದಳು.

ಬೇವಿನ ಟೊಂಗಿಗೆ ಸರಪಳಿ ಹಾಕಿ ಎಂಜಿನ್ ಇಳಿಸಿದ್ವಿ. ಸಾಮಾನು ಚಿಮಣಿ ಎಣ್ಣ್ಯಾಗ ತೊಳಿಯೂದು ನನ್ನ ಕೆಲಸ. ಒರಟು ಪುಡಿ ಎಣ್ಣ್ಯಾಗ ಕಲಿಸಿ ಹಚ್ಚಿ, ಎಂಜಿನ್ನಿನ ವಾಲ್ವು ಕಡಗೋಲಿನಂಗ ಅಂಗೈಯಾಗ ತಿರುವಿ ತಿಕ್ಕೂದೂ ನನ್ನ ಕೆಲಸ. ಉಗುರಾಗಿನ ಗ್ರೀಸು ರೊಟ್ಟಿಗೆ ಹತ್ತತೈತಿ ಅಂತ ಅತ್ತಿ ಬೈತಿದ್ದಳು. ಬೈಲಿ ಅಂತಿದ್ದೆ. ಈ ಗಾಡಿ ಎದ್ದರ ನಾ ದಡ್ಡಿಗೆ ಹೋಗತಿದ್ದೆ.

ಶ್ರಾವಣದಾಗ ಗಾಡಿ ಚಾಲೂ ಆತು. ನಾ ಉಂಡಿ ಕಟ್ಟಿ, ಗಂಟು ಕಟ್ಟಿದೆ. ಕರಿಯಾಕ ಬಂದವರು ಯಾರು ಅಂತ ಅತ್ತಿ ಕೇಳಿದಳು. ನಾನ ಕರ್ಕೊಂಡು ಹೊಕ್ಕೇನಲ್ಲ ಅಂದ್ರು ನಮ್ಮವರು.

“ನೀ ಈ ಮನಿಯಾಂವೋ. ಕರಿಲಾರದ ಹೋದಾಕಿಗೆ ತವರಾಗ ಏನ ಕಿಮ್ಮತ್ತು?”

ಅತ್ತಿ ಅಂದದ್ದು ಸುಳ್ಳಲ್ಲ. ನನಗೂ ಹಂಗ ಹೋಗೂ ಮನಸಿರಲಿಲ್ಲ. ಹಂಗಾರ ಕರಿಯಾವನ್ನ ಕರ್ಕೊಂಡು ಬರ್ತೇನಿ ಅಂತ ನಮ್ಮವರು ಗಾಡಿ ಹೊರಡಿಸಿದ್ರು. ಬೀಗನ್ನ ತರಾಕ ಅಳಿಯ ಹೊಂಟ ಅಂತ ಊರು ನಕ್ಕಿತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಬಂದ್ರು. ಗಾಡಿ ಕುಂಟಾಕತ್ತಿತ್ತು. ಅಣ್ಣ ಕಾಲು ತೊಳಕೊಂಡು ಕಂಬಳಿ ಮ್ಯಾಲ ಕುಂತು, ರೂಢಿ ಪ್ರಕಾರ ಕೇಳಿದ: “ಅತ್ತೀ, ತಂಗೀನ ಕಳಸ್ರಿ. ಅವ್ವ ಹಾದಿ ನೋಡಾಕತ್ತಾಳ.”

ಕಳಸ್ತೇವಪಾ ಅಂದಳು ಅತ್ತಿ. ನಾ ಗಂಟು ಎತ್ತಿಕೊಂಡು ಹೊರಗ ಬಂದೆ. ನಮ್ಮವರು ತಲಿ ಎತ್ತಲಿಲ್ಲ. ಗೋಕಾಕ ಹತ್ರ ಹಿಂದಿನ ಎಕ್ಸಲ್ ಮುರಿದಿತ್ತು. ಹೆಂಗೋ ಮುಂದಿನ ಗಾಲಿ ಇಲ್ಲಿತನಕ ಎಳಕೊಂಡು ಬಂದಿದ್ವು, ಇನ್ನ ದಡ್ಡಿತನಕ ಹೋಗೂ ಹಂಗಿರಲಿಲ್ಲ. ರಾಡ್ಯಾಗ ನಾಕೂ ಗಾಲಿ ಕೂಡಿಸಬೇಕು. ಗಟ್ಟಿ ರಸ್ತಾಕ್ಕ ಬಂದಕೂಡಲೆ ಲೀವರ್ ತಗದು ಮುಂದಿನವನ್ನ ಬಿಡಿಸಬೇಕು, ಇಲ್ಲಂದ್ರ ಮುಂದಿನವು ಹಿಂದಿನವು ಜಗ್ಗಾಡಿ ಏನರ ಒಂದು ಮುರಿತೈತಿ. ಇದನ್ನ ನನಗ ಹೇಳಿಕೊಟ್ಟವರ ಅವರು.

“ಒಂದು ಲೀವರ್ ತಗಿಯಾಕ ಎಷ್ಟೊತ್ತು ಬೇಕಿತ್ರಿ?”

“ನಿನ್ನ ಲಗೂ ಮುಟ್ಟಸಬೇಕಂತ ಹೊಡದೆ. ಅದರ ಖಬರ ಇರಲಿಲ್ಲ.”

ನಾ ಗಂಟು ಕಟ್ಟಿ ಮ್ಯಾಲ ಇಟ್ಟು, ಅಣ್ಣಗ ಉಣ್ಣಾಕ ನೀಡಿದೆ.

ನಾಟಿ ಅರ್ಧ ಉಳದೈತಿ ಅಂತ ಅಣ್ಣ ಉಂಡು, ಹೊತ್ತು ಇರೂದರಾಗ ನಡಕೊಂತ ಹೊಂಟ. ಆ ರಾಡ್ಯಾಗ ನನ್ನ ನಡಸಾಕ ಯಾರೂ ಒಪ್ಪಲಿಲ್ಲ. ಅಗಸಿತನಕ ಅವನ ಜೋಡಿ ಹೋಗಿ, ಗೆಳತ್ಯಾರಾಗ ಯಾರ್ಯಾರು ಬಂದಾರೋ ಅಂತ ಕೇಳಿದೆ. ಅಂವ ಒಬ್ಬೊಬ್ಬರ ಹೆಸರು ಹೇಳಿದ. ಎಲ್ಲಾರೂ ಬಂದಿದ್ರು. ಹುಣಸಿ ಮರಕ್ಕ ಜೋಕಾಲಿ ಕಟ್ಟಿ ಬಂದೇನಿ ಅಂದ. ಉಂಡಿ ಗಂಟು ಅವನ ಕೈಯಾಗ ಕೊಟ್ಟೆ. ತಿರುವಿನ್ಯಾಗ ಅವನ ಪಟಗಾ ಮರಿ ಆಗೂತನಕ ನಿಂತಿದ್ದೆ.

ಕರದದ್ದು ಕರದಂಗ, ಗಾಡಿ ನೆಟ್ಟಗಾದ ದಿನ ಹೋಗು ಅಂದಳು ಅತ್ತಿ. ಅಷ್ಟರಾಗ ಗೆಳತ್ಯಾರು ತಮ್ಮ ತಮ್ಮ ಊರು ಸೇರಿರತಾರ, ಅದು ಆಕಿಗೂ ಗೊತ್ತಿತ್ತು.

ಮರುದಿನ ಮುಂಜಾನಿ ಊರ ಹೆಣ್ಮಕ್ಕಳು ನಾಗಪ್ಪಗ ಹಾಲು ಎರಿಯಾಕ ಹೊಂಟಾಗ ನಾ ಸೀರಿ ಮ್ಯಾಲ ಕಟ್ಟಿ, ಪಾನಾ ಹಿಡಕೊಂಡು ಗಾಡಿ ಕೆಳಗ ಹೊಕ್ಕು, ಮುರಿದ ಎಕ್ಸಲ್ಲಿನ ಬೋಲ್ಟು ಬಿಚ್ಚಾಕ ಹತ್ತಿದೆ.